ಗಣಿಯೂರಿನ ಮದುವೆಯ ಮೇಜು

ಬಂಗಾರಪೇಟೆಯ ನಿಲ್ದಾಣದಲ್ಲಿ ಗಾಡಿ ಬದಲಿಸಿ ಮಾರಿಕುಪ್ಪದ ಕಡೆಗೆ ಹೊರಟ ಪ್ರಯಾಣಿಕನು ಕ್ರಮಿಸಬೇಕಾದ ದಾರಿ ಕೇವಲ ಹತ್ತು ಮೈಲಿ. ಈ ಕವಲು ದಾರಿಯು ಚಿನ್ನದ ಗಣಿಗಳ ಸಲುವಾಗಿ 1894ರಲ್ಲಿ ತೆರೆಯಲ್ಪಟ್ಟಿತು. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆಯೆಂದು ಹೆಸರು. ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗ್ ಅವರ ನೆನಪಿಗಾಗಿ ಬಂದ ಹೆಸರದು. ಈ ಹತ್ತು ಮೈಲಿಗಳ ಒಂದು ತುದಿಯಲ್ಲಿ ಮದುವೆಯ ಊಟವೆಂದರೆ ನೆಲದ ಮೇಲಣ ಬಾಳೆಯೆಲೆ. ಇನ್ನೊಂದು ತುದಿಯಲ್ಲಿ ಬಿಳಿಯ ಬಟ್ಟೆ ಹೊದಿಸಿದ ಮೇಜು. ಇವೆರಡೂ ಒಂದನ್ನೊಂದು ಹೇಗೆ ಕಂಡುವು, ಕೊನೆಗೆ ಹೇಗೆ ಕೂಡಿದುವು ಎಂಬುದನ್ನು ನಾವು ಈ ಹೊತ್ತು ವಿಚಾರಮಾಡಬಹುದು.

ಮೇಜೆಂಬ ಶಬ್ದವೇ ನಮ್ಮದಲ್ಲ, ಪಾರಸಿಯಿಂದ ಬಂದುದು. ಆದರೆ ಉಣ್ಣುವ ಸ್ಥಳವನ್ನು ಅಂದಗೊಳಿಸುವ ವಿದ್ಯೆಯನ್ನು ನಾವು ಪರರಿಂದ ಕಲಿಯಲಿಲ್ಲ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ದೊರೆಯು ಮೆತ್ತನೆಯ ಆಸನದಲ್ಲಿ ಕುಳಿತು, ಹೊಕ್ಕುಳಿನಿಂದ ಮೊಣಕಾಲಿನವರೆಗೆ ಬಿಳಿಯ ವಸ್ತ್ರವನ್ನು ಹರಡಿಕೊಂಡು, ಚಿನ್ನದ ತಟ್ಟೆಯಲ್ಲಿ ಉಣ್ಣತಕ್ಕದ್ದೆಂದು ಅಲ್ಲಿ ಹೇಳಿದೆ. ತೊಡೆಯ ಮೇಲೆ ಕೈವಸ್ತ್ರ ಹರಡುವುದು ಪಾಶ್ಚಾತ್ಯರ ಸಂಪ್ರದಾಯವೆಂದು ನಂಬಿರುವವರು ಇದನ್ನು ಗಮನಿಸಬೇಕು.

ಅರಸನ ಮಾತು ಹಾಗಿರಲಿ. ಸಾಮಾನ್ಯರ ಮದುವೆಯಲ್ಲಿ ಅಲಂಕಾರವೆಲ್ಲವೂ ನೆಲಕ್ಕೆ ಮತ್ತು ಬಾಗಿಲಿಗೆ ಸಲ್ಲುತ್ತಿದ್ದಿತು: ಚಪ್ಪರದ ಕಂಬಗಳಿಗೆ ಗೊನೆಸಹಿತವಾದ ಬಾಳೆಯ ಗಿಡ, ಮಾವಿನ ತೋರಣ, ಸಾರಿಸಿದ ನೆಲದ ಮೇಲೆ ಎಲೆಯೆಲೆಗೂ ಸುತ್ತ ರಂಗವಲ್ಲಿ, ಪಂಕ್ತಿಯ ತುದಿಯಲ್ಲಿ ದೀಪ. ಎಲೆಯ ತುದಿ ಉಣ್ಣುವವನ ಎಡಕ್ಕೆ, ಉಪ್ಪು ಎಡಮೇಲ್ಗಡೆ. ಪಲ್ಯ ಕೋಸಂಬರಿಗಳಿಗೂ ಗೊತ್ತಾದ ಎಡೆ. ಬಣ್ಣಗಳ ಹೊಂದಿಕೆಯನ್ನು ಅಡಿಗೆಯೇ ನೋಡಿಕೊಳ್ಳುತ್ತಿದ್ದಿತು. ಹಸುರೆಲೆಯ ಮೇಲೆ ಬಿಳಿಯ ಅನ್ನ, ಹಳದಿಯ ತೊವ್ವೆ, ಕೆಂಪಾದ ಸಾರು, ಇವಕ್ಕಿಂತ ಹೆಚ್ಚಿನ ವರ್ಣಚಿತ್ರ ಬೇಕಿಲ್ಲ. ಇದೆಲ್ಲ ಅರ್ಧ ಗಳಿಗೆಯ ಶೃಂಗಾರ. ಪಂಕ್ತಿ ಎದ್ದೊಡನೆ ರಂಗವಲ್ಲಿ ಗೋಮಯದ ನೀರಿನಲ್ಲಿ ಅಳಿದುಹೋಗುತ್ತಿದ್ದಿತು. ಆ ಪಂಕ್ತಿಯಲ್ಲಿ ಯಾರು ಕುಳಿತುಕೊಳ್ಳಬಹುದಾಗಿತ್ತು, ಯಾರು ಅಂಗಳದಾಚೆ ಕಾದಿರಬೇಕಾಗಿತ್ತು ಎಂಬುದನ್ನೂ ಮರೆಯಲಾಗದು. ರಂಗವಲ್ಲಿಯ ಗೆರೆಯು ಅಲಂಕಾರವಾಗಿದ್ದಂತೆಯೇ ಮೇರೆಯೂ ಆಗಿದ್ದಿತು.

ಇನ್ನು ಮೇಜಿನ ಕಡೆ ನೋಡೋಣ. ನಡುವೆ ಹೂಗುಚ್ಛವಿರುವ ಮೇಜು ಯೂರೋಪಿನಲ್ಲಿಯೂ ಸನಾತನವಾದುದೇನಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಭಾಗದವರೆಗೆ ಅಲ್ಲಿನ ಔತಣಗಳಲ್ಲಿ ಭಕ್ಷ್ಯಗಳೆಲ್ಲವನ್ನೂ ಒಮ್ಮೆಗೇ ಮೇಜಿನ ತುಂಬ ಜೋಡಿಸುತ್ತಿದ್ದರು. ಹೀಗಿರುವಲ್ಲಿ ಹೂವಿಗೆ ಜಾಗವೆಲ್ಲಿ? 1810ರ ಸುಮಾರಿಗೆ ಪ್ಯಾರಿಸ್ಸಿನಲ್ಲಿದ್ದ ರಷ್ಯದ ರಾಯಭಾರಿ ಕುರಾಕಿನ್ ತನ್ನ ನಾಡಿನ ಕ್ರಮವನ್ನು ಅಲ್ಲಿಗೆ ತಂದನೆಂದು ಹೇಳುವುದುಂಟು. ಅದರಂತೆ ಒಂದೊಂದು ಭಕ್ಷ್ಯವನ್ನೂ ಒಳಗಿನಿಂದ ತಂದು ಅತಿಥಿಯ ಪಕ್ಕದಲ್ಲಿ ನಿಂತು ಬಡಿಸತಕ್ಕದ್ದು. ನಮ್ಮ ಪಂಕ್ತಿಯಲ್ಲಿ ಬಡಿಸುವ ಕ್ರಮವೂ ಬಹುಮಟ್ಟಿಗೆ ಇದೇ ಅಲ್ಲವೆ! ಹೀಗೆ ಬರಿದಾದ ಮೇಜಿನ ನಡುಭಾಗವನ್ನು ಹೂವು, ಹಣ್ಣು, ಬೆಳ್ಳಿಯ ದೀಪಸ್ತಂಭಗಳು ಆಕ್ರಮಿಸಿದುವು. 1840ರಲ್ಲಿ ನಡೆದ ವಿಕ್ಟೋರಿಯಾ ರಾಣಿಯ ವಿವಾಹದಲ್ಲಿ ಸುಮಾರು 300 ಪೌಂಡು ತೂಕದ, ಬಿಳಿಯ ಸಕ್ಕರೆ ಹೊದಿಸಿದ ಕೇಕು ಇದ್ದಿತು. ಆ ಬಿಳುಪು ಕ್ರಮೇಣ ಮದುವೆಯ ಬಣ್ಣವೇ ಆಗಿ, ಹಡಗು ಹತ್ತಿ ನಮ್ಮ ದೇಶಕ್ಕೂ ಬಂದಿತು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಕೋಲಾರದ ಗಣಿಗಳಿಗೆ ಕೈಹಾಕಿದ ಮೇಲೆ ಊರಿಗಾಮು, ಚಾಂಪಿಯನ್ ರೀಫ್, ನಂದಿದುರ್ಗ ಮೊದಲಾದ ಗಣಿಗಳ ಸುತ್ತ ಆಂಗ್ಲರ ಬಂಗಲೆಗಳೂ ಕ್ಲಬ್ಬೂ ತಲೆಯೆತ್ತಿದುವು. ‘ಪುಟ್ಟ ಇಂಗ್ಲೆಂಡ್’ ಎಂಬ ಅಡ್ಡಹೆಸರು ಊರಿಗೆ ಅಂಟಿತು. 1902ರಲ್ಲಿ ಶಿವನಸಮುದ್ರದಿಂದ 90ಕ್ಕೂ ಹೆಚ್ಚು ಮೈಲಿಗಳ ತಂತಿಯ ಮೂಲಕ ವಿದ್ಯುತ್ತು ಬಂದುದು ಗಣಿಯ ಯಂತ್ರಗಳಿಗಾಗಿ. ಆದರೆ ವಿದ್ಯುದ್ದೀಪ ಬಂದ ಮನೆಯಲ್ಲಿ ಮೇಣದ ಬತ್ತಿಯು ಅಗತ್ಯದಿಂದ ಬಿಡುಗಡೆ ಹೊಂದಿ ಅಲಂಕಾರದ ಪದವಿಗೇರಿತು. ಹೂವಿನ ಮಾತು ಬೇರೆ. ಮಳೆ ಕಡಮೆಯಾದ ಆ ಪ್ರದೇಶದಲ್ಲಿ ಗುಲಾಬಿಯ ಗಿಡವನ್ನು ಉಳಿಸಿಕೊಳ್ಳುವುದೆಂದರೆ ನೀರನ್ನು ಚೆಲ್ಲುವುದೆಂದೇ ಅರ್ಥ. ನೀರಾದರೋ ಪಾಲಾರಿನ ಬೇತಮಂಗಲದ ಕೆರೆಯಿಂದ ಬರಬೇಕು. ಗಣಿಯ ಆಳದಲ್ಲಿ ಬಂಡೆ ಸಿಡಿದಾಗಲೆಲ್ಲ ಮೇಲಣ ಮನೆಗಳ ಪಾತ್ರೆಗಳು ಅಲುಗುತ್ತಿದ್ದುವು. ಎತ್ತರವಾದ ಗಾಜಿನ ಹೂದಾನಿಗಿಂತ ತಗ್ಗಾದ ಬೋಗುಣಿಯೇ ಅಲ್ಲಿ ವಿವೇಕವೆಂದು ನಮಗೆ ತೋರುತ್ತದೆ. ಮೇಜಿನ ಗಾಜು ಅಲುಗಿದ ಆ ಕ್ಷಣದಲ್ಲಿ ಕೆಳಗೆ ಯಾರ ಮೇಲೆ ಬಂಡೆ ಬಿದ್ದಿತೋ ಎಂದು ಕೂಲಿಯವರ ಸಾಲುಮನೆಗಳಲ್ಲಿ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಈ ಮೇಜನ್ನು ಸಿದ್ಧಪಡಿಸಿದವರಾರು? ಬಟ್ಟೆಗೆ ಗಂಜಿ ಹಾಕಿ ಗೆರೆ ಮೂಡುವಂತೆ ಇಸ್ತ್ರಿಮಾಡಿದ ಅಗಸ, ಹೂ ಕೊಯ್ದ ಮಾಲಿ, ಬೆಳ್ಳಿಯನ್ನು ಉಜ್ಜಿದ ಹುಡುಗ, ಮುಳ್ಳು ಚಮಚಗಳ ಅಂತರವನ್ನು ಕಣ್ಣಳತೆಯಲ್ಲಿಯೇ ಅಳೆಯುತ್ತಿದ್ದ ಬಟ್ಲರ್. ಈ ಕಲೆಯಲ್ಲಿ ಇವರು ಯಜಮಾನತಿಗಿಂತ ನುರಿತವರಾಗಿದ್ದರು. ಆದರೆ ಆ ಮೇಜಿನ ಮುಂದೆ ಇವರಿಗೆ ಕುರ್ಚಿಯಿರಲಿಲ್ಲ. ಗಣಿಯ ಕೂಲಿಗಳಲ್ಲಿ ಬಹುಮಂದಿ ಉತ್ತರ ಆರ್ಕಾಟು ಮೊದಲಾದ ತಮಿಳು ಜಿಲ್ಲೆಗಳಿಂದ ಬಂದ ದಲಿತರು. ಊರಿನ ಪಂಕ್ತಿಯಲ್ಲಿಯೂ ಅವರಿಗೆ ಎಲೆ ಬೀಳುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆಯೊಂದು ಮಾರಿಕುಪ್ಪದಲ್ಲಿ ಬೇರೂರಿದುದಕ್ಕೆ ಇಂಥ ಅವಮಾನಗಳೇ ಹಿನ್ನೆಲೆ. ಎರಡೂ ಕಡೆ ಕೆಲಸವಿತ್ತು, ಸ್ಥಳವಿರಲಿಲ್ಲ.

ಮೇಜಿನ ಅಲಂಕಾರವನ್ನು ಬಂಗಲೆಯಿಂದ ಸಾಮಾನ್ಯ ಮನೆಗೆ ಇಳಿಸಿದವರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬದವರನ್ನು ಮೊದಲು ನೆನೆಯಬೇಕು. ಬೆಳ್ಳಿಯ ದೀಪಸ್ತಂಭವಿಲ್ಲದಿದ್ದರೇನು, ಕೇಕು ಇದ್ದೇ ಇರಬೇಕು. ಅದರ ಸುತ್ತ ಮನೆಯಂಗಳದ ಹೂವು, ಬಣ್ಣದ ಕಾಗದದ ಮಾಲೆ. ಕ್ರೈಸ್ತ ತಮಿಳರ ಮನೆಗಳಲ್ಲಿ ಈ ಮೇಜಿನ ಪಕ್ಕದಲ್ಲಿಯೇ ಮಲ್ಲಿಗೆ ಕನಕಾಂಬರಗಳೂ ಬಂದು ಕುಳಿತುವು.

ವಿವಾಹದ ವಾರ್ಷಿಕೋತ್ಸವವು ಇನ್ನೊಂದು ಹೊಸ ಹಬ್ಬ. ಇಪ್ಪತ್ತೈದಕ್ಕೆ ಬೆಳ್ಳಿ, ಐವತ್ತಕ್ಕೆ ಚಿನ್ನ ಎಂಬುದು ಜರ್ಮನ್ ನಾಡುಗಳಿಂದ ಹರಡಿದ ಪದ್ಧತಿ. ನಮ್ಮಲ್ಲಿ ಲೆಕ್ಕವಿಡುತ್ತಿದ್ದುದು ದಾಂಪತ್ಯದ ವರ್ಷಗಳನ್ನಲ್ಲ, ಯಜಮಾನನ ವಯಸ್ಸನ್ನು. ಅರುವತ್ತಕ್ಕೆ ಷಷ್ಟ್ಯಬ್ದಿ, ಎಪ್ಪತ್ತಕ್ಕೆ ಭೀಮರಥ ಶಾಂತಿ. ಆದರೂ ಅಂದು ಮತ್ತೆ ಮಾಂಗಲ್ಯಧಾರಣೆ ನಡೆಯುವುದರಿಂದ ಭಾವ ಒಂದೇ ಎನ್ನಬಹುದು. ಚಿನ್ನದ ಊರಿನಲ್ಲಿ ಚಿನ್ನದ ವಾರ್ಷಿಕೋತ್ಸವಕ್ಕೆ ಏನಿಟ್ಟು ಸಿಂಗರಿಸುವುದು? ಸುಮಾರು 120 ವರ್ಷಗಳಲ್ಲಿ ಆ ನೆಲದಿಂದ ಹೊರಬಂದ ಚಿನ್ನ ಸುಮಾರು 800 ಟನ್. ತೆಗೆದವರ ಮೇಜಿಗೆ ಬಂದುದು ಹೊಂಬಣ್ಣದ ಕಾಗದ. ಆ ಹೊಳೆಯುವ ಕಾಗದ ನಮಗೆ ಎಂದೂ ಮೆಚ್ಚಿಗೆಯಾದುದಿಲ್ಲ. ಅದರ ಬದಲು ಬಿಳಿಯ ಬಟ್ಟೆಯ ಮೇಲೆ ಒಂದು ಹಿತ್ತಾಳೆಯ ತಟ್ಟೆ, ಅದರಲ್ಲಿ ನೀರು, ನೀರಿನ ಮೇಲೆ ಚೆಂಡುಹೂವು ಮತ್ತು ಹಳದಿಯ ಸೇವಂತಿಗೆ, ನಡುವೆ ಒಂದು ಎಣ್ಣೆಯ ಹಣತೆ ಸಾಕು. ಎದುರಿಗೆ ಕುಳಿತವರ ಮುಖ ಮರೆಯಾಗುವಷ್ಟು ಎತ್ತರಕ್ಕೆ ಹೂವನ್ನು ಏರಿಸಬಾರದು. ಊಟದ ಪರಿಮಳದೊಡನೆ ಜಗಳವಾಡುವ ಸುಗಂಧರಾಜವನ್ನು ಬಾಗಿಲಿಗೇ ಬಿಡುವುದು ಯುಕ್ತ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೂ, 1962ರಲ್ಲಿ ಕೇಂದ್ರದ ವಶಕ್ಕೂ ಬಂದು, 2001ರ ಫೆಬ್ರವರಿ 28ರಂದು ಮುಚ್ಚಿಹೋದುವು. ಬಂಗಲೆಗಳ ಔತಣ ಅದಕ್ಕೂ ಮೊದಲೇ ಮುಗಿದಿದ್ದಿತು. ಇಂದು ಬಂಗಾರಪೇಟೆಯಲ್ಲಾಗಲಿ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಕಲ್ಯಾಣಮಂಟಪದ ಭೋಜನಶಾಲೆಗೆ ಹೋದವರಿಗೆ ಕಾಣುವುದು ಉದ್ದನೆಯ ಮೇಜಿನ ಸಾಲು. ಹುಡುಗನೊಬ್ಬನು ಬಿಳಿಯ ಕಾಗದದ ಸುರುಳಿಯನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಒಂದೇ ಎಳೆತಕ್ಕೆ ಬಿಚ್ಚುತ್ತಾನೆ. ಗಂಜಿ ಹಾಕಿದ ಬಟ್ಟೆಯ ಸ್ಥಾನ ಅದಕ್ಕೆ ಬಂದಿದೆ. ಅದರ ಮೇಲೆ ಬಾಳೆಯೆಲೆ, ನೀರು ಚಿಮುಕಿಸಿ ಒರೆಸಿಕೊಳ್ಳುವುದು, ಎಡಮೇಲ್ಗಡೆ ಉಪ್ಪು. ಬಡಿಸುವವನು ಬಗ್ಗಬೇಕಾಗಿಲ್ಲ, ಮಂಡಿನೋವಿನ ಹಿರಿಯರು ನೆಲದಿಂದ ಏಳುವ ಕಷ್ಟವಿಲ್ಲ. ಮೊದಲು ಬಂದವರು ಸಿಕ್ಕ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾರೆ, ಪಕ್ಕದವರು ಯಾರೆಂದು ವಿಚಾರಿಸುವ ಪುರುಸೊತ್ತು ಯಾರಿಗೂ ಇಲ್ಲ, ಏಕೆಂದರೆ ಮುಂದಿನ ಸರದಿಯವರು ಆಗಲೇ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಎಲೆಯ ತುದಿಯನ್ನು ಮಾತ್ರ ಹುಡುಗನು ಎಡಕ್ಕೇ ತಿರುಗಿಸಿ ಹಾಕುತ್ತಾನೆ.