ಗ್ರಾವೆಲ್ ಸೈಕಲ್: ಟೈರ್ ಬಿಗಿಯಾದಷ್ಟೂ ವೇಗ ಹೆಚ್ಚದು

ಜಲ್ಲಿ ಹಾದಿಗೆಂದೇ ರೂಪಿಸಲಾದ ಗ್ರಾವೆಲ್ ಸೈಕಲ್‌ನ ಟೈರಿಗೆ ಗಾಳಿ ಹೆಚ್ಚಿಸಿದಷ್ಟೂ ವೇಗ ಹೆಚ್ಚುತ್ತದೆಂಬ ನಂಬಿಕೆ ಪೂರ್ಣ ಸತ್ಯವಲ್ಲ. ಪ್ರಯೋಗಾಲಯದ ನುಣುಪಾದ ಉರುಳೆಯ ಮೇಲೆ ಅದು ನಿಜವಾದೀತು. ಒರಟು ಹಾದಿಯಲ್ಲಾದರೋ ಬಿಗಿಯಾದ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ; ಸವಾರನ ಶಕ್ತಿ ಮುನ್ನಡೆಗೆ ಒದಗದೆ ದೇಹದ ಕುಲುಕಾಟದಲ್ಲೇ ವ್ಯಯವಾಗುತ್ತದೆ.

ಆದ್ದರಿಂದ ಪರೀಕ್ಷೆ ಹಾದಿಯಲ್ಲೇ ನಡೆಯಬೇಕು. ಗಾಳಿ ಬೀಸದ ಹೊತ್ತಿನಲ್ಲಿ, ಪವರ್ ಮೀಟರ್ ನೋಡಿ ಒಂದೇ ಶಕ್ತಿಯಲ್ಲಿ ತುಳಿಯುತ್ತ, ಅದೇ ದೂರವನ್ನು ಎರಡೂ ದಿಕ್ಕಿನಲ್ಲಿ ಕ್ರಮಿಸಿ ಸಮಯ ದಾಖಲಿಸಬೇಕು. 70 ಕೆ.ಜಿ. ತೂಕದವರು 40 ಮಿ.ಮೀ. ಟೈರಿಗೆ 35 ಪಿಎಸ್‌ಐ ಆಸುಪಾಸಿನಲ್ಲಿ ಆರಂಭಿಸಿ, 2ರಂತೆ ಇಳಿಸುತ್ತ ಹೋಗಬಹುದು.

ಇದಕ್ಕೂ ಮಿತಿಯುಂಟು. ಅಮೆರಿಕದ ಕಾನ್ಸಾಸ್‌ನಲ್ಲಿ 2006ರಲ್ಲಿ ಆರಂಭವಾದ, ಈಗ ‘ಅನ್‌ಬೌಂಡ್’ ಎನಿಸಿರುವ ಸುಮಾರು 320 ಕಿ.ಮೀ. ಸ್ಪರ್ಧೆಯ ಹಾದಿಯಲ್ಲಿ ಚೂಪಾದ ಚಕಮಕಿ ಕಲ್ಲುಗಳೇ ಹೆಚ್ಚು. ರಿಮ್ ಕಲ್ಲಿಗೆ ಬಡಿಯುವಷ್ಟು ಗಾಳಿ ಇಳಿಸಿದವರು ಉಳಿಸಿದ ನಿಮಿಷಗಳನ್ನು ಪಂಕ್ಚರ್‌ಗೆ ತೆರಬೇಕಾಗುತ್ತದೆ.