ಲಗ್ (ಸೈಕಲ್ ಚೌಕಟ್ಟು)

ಲಗ್ ಎಂಬುದು ಸೈಕಲ್ಲಿನ ಚೌಕಟ್ಟಿನಲ್ಲಿ ಉಕ್ಕಿನ ಕೊಳವೆಗಳು ಕೂಡುವ ಸ್ಥಳದಲ್ಲಿ ಅವುಗಳನ್ನು ಹೊರಗಿನಿಂದ ಆವರಿಸಿ ಹಿಡಿಯುವ ಲೋಹದ ಜೋಡಣೆಯ ಭಾಗ. ಹ್ಯಾಂಡಲ್ ಕೂರುವ ಮುಂಭಾಗದ ಮೇಲೆ ಮತ್ತು ಕೆಳಗೆ ಒಂದೊಂದು, ಸೀಟಿನ ಕೆಳಗೆ ಒಂದು ಲಗ್ ಇರುತ್ತವೆ. ಪೆಡಲ್‌ಗಳ ಅಚ್ಚು ತಿರುಗುವ ಭಾಗವೂ ಇದೇ ಬಗೆಯ ಜೋಡಣೆಯಾಗಿದೆ. ಭಾರತದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಮುಂತಾದ ಕಪ್ಪು ಬಣ್ಣದ ಸಾಮಾನ್ಯ ಸೈಕಲ್‌ಗಳಲ್ಲಿಯೂ ಲಗ್‌ಗಳನ್ನು ಕಾಣಬಹುದು. ಸ್ಪರ್ಧಾ ಸೈಕಲ್‌ಗಳಲ್ಲಿ ಅವುಗಳ ವಿನ್ಯಾಸ ವಿಶೇಷವಾಗಿ ಬೆಳೆಯಿತು.

ಕಾರ್ಯವಿಧಾನ

ಕೊಳವೆಯನ್ನು ಲಗ್‌ನೊಳಗೆ ಸೇರಿಸಿ ಕಾಯಿಸಿದಾಗ, ಕರಗಿದ ಹಿತ್ತಾಳೆ ಅಥವಾ ಬೆಳ್ಳಿಯ ಮಿಶ್ರಲೋಹವು ಎರಡರ ನಡುವಿನ ಸೂಕ್ಷ್ಮ ಸಂದಿನಲ್ಲಿ ಲೋಮನಾಳ ಕ್ರಿಯೆಯಿಂದ ಹರಡಿ ಬಂಧಿಸುತ್ತದೆ. ಇದನ್ನು ಬ್ರೇಜಿಂಗ್ ಎನ್ನುತ್ತಾರೆ. ಹಿತ್ತಾಳೆಗೆ ಸುಮಾರು 900 ಡಿಗ್ರಿ ಸೆಲ್ಸಿಯಸ್, ಬೆಳ್ಳಿಯ ಮಿಶ್ರಲೋಹಕ್ಕೆ ಸುಮಾರು 650ರಿಂದ 700 ಡಿಗ್ರಿ ಶಾಖ ಬೇಕು. ಉಕ್ಕು ಕರಗುವುದಿಲ್ಲ. ಆದರೆ ಅತಿಯಾಗಿ ಕಾಯಿಸಿದರೆ ಅದರ ಬಲ ಕುಗ್ಗುತ್ತದೆ.

ವಿನ್ಯಾಸದ ಅಗತ್ಯ

1935ರಲ್ಲಿ ಇಂಗ್ಲೆಂಡಿನ ರೆನಾಲ್ಡ್ಸ್ ಸಂಸ್ಥೆಯು ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಬೆರೆತ '531' ಉಕ್ಕಿನ ಕೊಳವೆಗಳನ್ನು ಹೊರತಂದಿತು. ಇಂತಹ ಸ್ಪರ್ಧಾ ಕೊಳವೆಗಳ ಗೋಡೆ ತುದಿಯಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುತ್ತದೆ. ನಡುಭಾಗದ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ದಪ್ಪ ಲಗ್ ಥಟ್ಟನೆ ಮುಗಿದರೆ ಆ ಅಂಚಿನಲ್ಲಿ ಒತ್ತಡ ಕೇಂದ್ರೀಕೃತವಾಗಿ ಬಿರುಕು ಮೂಡಬಹುದು. ವೇಗದ ಓಟದಲ್ಲಿ ಇದು ಸವಾರನ ಪ್ರಾಣಕ್ಕೇ ಅಪಾಯಕಾರಿ. ಆದುದರಿಂದ ಕುಶಲಕರ್ಮಿಗಳು ಲಗ್‌ನ ಅಂಚನ್ನು ಅರದಿಂದ ತೆಳುಗೊಳಿಸಿ, ತುದಿಯನ್ನು ಉದ್ದನೆಯ ಮೊನೆಯಾಗಿ ಚಾಚುತ್ತಿದ್ದರು. ಕಿಂಡಿಗಳನ್ನು ಕೊರೆಯುವುದರಿಂದ ತೂಕ ತಗ್ಗುತ್ತಿತ್ತು. ಬೆಸುಗೆಯ ಲೋಹ ಒಳಗೆ ಹರಿದಿದೆಯೇ ಎಂಬುದೂ ತಿಳಿಯುತ್ತಿತ್ತು.

ಪ್ರಮುಖ ಶೈಲಿಗಳು

- ಹೆಚಿನ್ಸ್: ಲಂಡನ್ನಿನ ಈ ಸಂಸ್ಥೆ ಬಳ್ಳಿಯಂತೆ ಸುರುಳಿಗೊಂಡ ಅಲಂಕೃತ ಲಗ್‌ಗಳಿಗೆ ಪ್ರಸಿದ್ಧ.
- ನರ್ವೆಕ್ಸ್: ಫ್ರಾನ್ಸಿನ ಈ ತಯಾರಕರ ಒತ್ತು ಉಕ್ಕಿನ ಲಗ್‌ಗಳನ್ನು ಹಲವು ದೇಶಗಳ ಚೌಕಟ್ಟು ತಯಾರಕರು ಬಳಸಿದರು.
- ಕೊಲ್ನಾಗೊ: ಇಟಲಿಯ ಈ ಸಂಸ್ಥೆಯ ಗುರುತು ಕ್ಲೋವರ್ ಎಲೆಯ ಚಿಹ್ನೆ.

ಮೇಣದ ಅಚ್ಚಿನಿಂದ ನಿಖರವಾಗಿ ಎರಕ ಹೊಯ್ಯುವ ಕ್ರಮವೂ ಮುಂದೆ ಲಗ್ ತಯಾರಿಕೆಗೆ ಬಂದಿತು. ಇದರ ತತ್ವವು ದಕ್ಷಿಣ ಭಾರತದ ಪಂಚಲೋಹ ವಿಗ್ರಹಗಳಲ್ಲಿ ಬಳಕೆಯಾಗುವ ಮಧೂಚ್ಛಿಷ್ಟ ವಿಧಾನದ್ದೇ. ಇದರಿಂದ ಅರದ ಕೆಲಸ ಬಹಳಷ್ಟು ಕಡಿಮೆಯಾಯಿತು.

ಅವನತಿ ಮತ್ತು ಮುಂದುವರಿಕೆ

ನೇರ ವೆಲ್ಡಿಂಗ್, ಅಲ್ಯೂಮಿನಿಯಮ್ ಮತ್ತು ಕಾರ್ಬನ್ ನಾರಿನ ಚೌಕಟ್ಟುಗಳು ವ್ಯಾಪಿಸಿದಂತೆ ಉಕ್ಕಿನ ಲಗ್‌ಗಳು ಸ್ಪರ್ಧಾಕಣದಿಂದ ಮರೆಯಾದವು. ಆದರೂ 1994ರ ಕೊಲ್ನಾಗೊ ಸಿ40 ಮಾದರಿಯಲ್ಲಿ ಕಾರ್ಬನ್ ಕೊಳವೆಗಳನ್ನು ಕಾರ್ಬನ್ ಲಗ್‌ಗಳಲ್ಲಿಯೇ ಅಂಟಿಸಲಾಯಿತು. ಜಖಂಗೊಂಡ ಕೊಳವೆಯನ್ನು ಕಾಯಿಸಿ ಬಿಡಿಸಿ ಹೊಸದನ್ನು ಜೋಡಿಸಬಹುದಾದ ಕಾರಣ, ಹಳೆಯ ಲಗ್ ಚೌಕಟ್ಟುಗಳನ್ನು ಇಂದಿಗೂ ದುರಸ್ತಿ ಮಾಡಿ ಬಳಸುವವರಿದ್ದಾರೆ.