ಮೆದು ಪ್ಲಾಸ್ಟಿಕ್ಕಿನ ಪೂರ್ವವೃತ್ತಾಂತ

ಪ್ಲಾಸ್ಟಿಕ್ ಎಂದೊಡನೆ ಬಗ್ಗುವ, ಮಡಿಸಿದರೂ ಮುರಿಯದ, ಕೈಗೆ ಮೆತ್ತಗಿನ ಪದಾರ್ಥವೊಂದು ಇಂದಿನವರ ಕಣ್ಣಮುಂದೆ ಬರುವುದಾದರೂ, ಮೊದಮೊದಲು ಹುಟ್ಟಿದ ಪ್ಲಾಸ್ಟಿಕ್ಕುಗಳಿಗೆ ಈ ಗುಣವು ಸಹಜವಾಗಿರಲಿಲ್ಲ; ಅದನ್ನು ಹೊರಗಿನಿಂದ ತಂದು ಬೆರೆಸಬೇಕಾಗಿದ್ದಿತು. ಬಿಲಿಯರ್ಡ್ ಚೆಂಡಿನ ದಂತಕ್ಕೆ ಬದಲಿಯನ್ನು ಅರಸುತ್ತಿದ್ದ ಅಮೆರಿಕದ ಜಾನ್ ವೆಸ್ಲಿ ಹಯಾಟ್ 1870ರಲ್ಲಿ ಸೆಲ್ಯುಲಾಯ್ಡಿಗೆ ಪೇಟೆಂಟ್ ಪಡೆದಾಗ, ನೈಟ್ರೊಸೆಲ್ಯುಲೋಸನ್ನು ಹದಕ್ಕೆ ತರಲು ಅವನು ಬಳಸಿದ್ದು ನಮ್ಮ ದೇವರಮನೆಯ ಕರ್ಪೂರವನ್ನೇ. ಕರ್ಪೂರದ ಜೊತೆಗೆ ಹರಳೆಣ್ಣೆಯೂ ಈ ಕೆಲಸಕ್ಕೆ ಒದಗಿ ಬಂದಿತ್ತು. ಇಂತಹ ಮೃದುಕಾರಕಗಳ ವಂಶದಲ್ಲಿ ಮುಂದೆ ಹುಟ್ಟಿದವೇ ಥ್ಯಾಲೇಟುಗಳು.

ಇವುಗಳ ಭಾಗ್ಯೋದಯಕ್ಕೆ ಕಾರಣವಾದದ್ದು ಪಿ.ವಿ.ಸಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಬೌಮನ್ 1872ರಲ್ಲಿಯೇ ಇದನ್ನು ಕಂಡಿದ್ದರೂ, ಗಡುಸಾದ, ಕಾಯಿಸಿದರೆ ಕೆಡುವ ಈ ಬಿಳಿಯ ಪುಡಿಯನ್ನು ಐವತ್ತು ವರ್ಷಗಳ ಕಾಲ ಯಾರಿಂದಲೂ ಲಾಭದಾಯಕವಾಗಿ ಬಳಕೆಗೆ ತರಲಾಗಲಿಲ್ಲ. ಓಹಿಯೊ ಪ್ರಾಂತದ ಆಕ್ರನ್ ಪಟ್ಟಣದಲ್ಲಿ, ಬಿ.ಎಫ್. ಗುಡ್‌ರಿಚ್ ಎಂಬ ರಬ್ಬರ್ ಸಂಸ್ಥೆಯ ನೌಕರಿಯಲ್ಲಿದ್ದ ವಾಲ್ಡೋ ಸೀಮನ್, ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದೊಂದನ್ನು ಹುಡುಕುತ್ತ, 1926ರಲ್ಲಿ ಆ ಪುಡಿಯನ್ನು ಸುಲಭವಾಗಿ ಆವಿಯಾಗದ ದ್ರವದಲ್ಲಿ ಹಾಕಿ ಕಾಯಿಸಿದನು. ಗೋಂದೇನೋ ದೊರೆಯಲಿಲ್ಲ, ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಮುದ್ದೆಯೊಂದು ದೊರೆಯಿತು. ಮಳೆಯಂಗಿ, ಸ್ನಾನಗೃಹದ ಪರದೆ, ತಂತಿಯ ಹೊದಿಕೆ, ನೆಲಹಾಸುಗಳೆಲ್ಲ ಆ ಮುದ್ದೆಯ ಸಂತಾನ. 1930ರ ದಶಕದಿಂದೀಚೆಗೆ ಅದಕ್ಕೆ ಅಗ್ಗವಾದ ಥ್ಯಾಲೇಟುಗಳನ್ನು, ಅದರಲ್ಲಿಯೂ ಡಿ.ಇ.ಎಚ್.ಪಿ. ಎಂಬುದನ್ನು, ಬೆರೆಸುವುದು ರೂಢಿಯಾಯಿತು. ಮೆದು ಪಿ.ವಿ.ಸಿ.ಯ ತೂಕದಲ್ಲಿ ಮೂರನೆಯ ಒಂದು ಭಾಗದಷ್ಟು ಎಣ್ಣೆಯಂತಹ ಈ ಮೃದುಕಾರಕವೇ ಇರುವುದುಂಟು. ಆದರೆ ಅದು ಪ್ಲಾಸ್ಟಿಕ್ಕಿನ ಅಣುಗಳೊಡನೆ ರಾಸಾಯನಿಕ ಬಂಧವಿಲ್ಲದೆ, ಬಾಡಿಗೆಗೆ ಬಂದವನಂತೆ ನಡುವೆ ಸೇರಿಕೊಂಡಿರುತ್ತದೆಯಾದ್ದರಿಂದ, ಬಿಸಿ ತಗುಲಿದರೆ, ಕಾಲ ಸಂದರೆ, ಮೇಲಾಗಿ ಕೊಬ್ಬಿನಂಶದ ಸಂಪರ್ಕವಾದರೆ, ಮೆಲ್ಲನೆ ಹೊರಬೀಳುತ್ತದೆ.

ಹೀಗೆ ಹೊರಬೀಳುವುದು ಮನುಷ್ಯನ ರಕ್ತದಲ್ಲಿಯೇ ಪತ್ತೆಯಾದ ಪ್ರಸಂಗವು ಈ ಇತಿಹಾಸದಲ್ಲಿ ಅತ್ಯಂತ ಸ್ವಾರಸ್ಯವಾದುದು. ದಾನಿಗಳ ರಕ್ತವನ್ನು ಹಿಂದೆ ಗಾಜಿನ ಸೀಸೆಗಳಲ್ಲಿ ಶೇಖರಿಸುತ್ತಿದ್ದರು. ಸೀಸೆ ಒಡೆಯುತ್ತಿತ್ತು, ರಕ್ತ ಇಳಿಯಬೇಕಾದರೆ ಅದರೊಳಕ್ಕೆ ಗಾಳಿಯನ್ನು ಬಿಡಬೇಕಾಗುತ್ತಿತ್ತು, ಆ ಗಾಳಿ ರಕ್ತನಾಳವನ್ನು ಹೊಕ್ಕರೆ ರೋಗಿಯ ಪ್ರಾಣಕ್ಕೇ ಸಂಚಕಾರ. ಬಾಸ್ಟನ್ನಿನ ಶಸ್ತ್ರವೈದ್ಯ ಕಾರ್ಲ್ ವಾಲ್ಟರ್, ನೊಬೆಲ್ ಪುರಸ್ಕೃತ ವೈದ್ಯನೊಬ್ಬನ ಮಗನಾದ ವಿಲಿಯಂ ಮರ್ಫಿಯೊಡಗೂಡಿ, 1950ರ ಸುಮಾರಿಗೆ ಪ್ಲಾಸ್ಟಿಕ್ ರಕ್ತಚೀಲವನ್ನು ರೂಪಿಸಿದ ಮೇಲೆ ಈ ಕಷ್ಟಗಳೆಲ್ಲ ಪರಿಹಾರವಾದುವು. ಕೊರಿಯಾದ ಯುದ್ಧಭೂಮಿಯಲ್ಲಿ ಅದರ ಯೋಗ್ಯತೆಯ ಪರೀಕ್ಷೆಯೂ ನಡೆದುಹೋಯಿತು. ಇಪ್ಪತ್ತು ವರ್ಷ ಕಳೆದ ಮೇಲೆ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರುಡಾಲ್ಫ್ ಯೇಗರ್ ಮತ್ತು ರಾಬರ್ಟ್ ರೂಬಿನ್ ಎಂಬವರು, ಇಲಿಯ ಯಕೃತ್ತನ್ನು ಹೊರತೆಗೆದು ಪ್ಲಾಸ್ಟಿಕ್ ನಳಿಕೆಗಳ ಮೂಲಕ ಅದಕ್ಕೆ ರಕ್ತವನ್ನು ಹಾಯಿಸುತ್ತಿದ್ದಾಗ, ತಾವು ಹಾಕದೇ ಇದ್ದ ಪದಾರ್ಥವೊಂದು ಅದರಲ್ಲಿ ಸೇರಿಕೊಂಡಿರುವುದನ್ನು ಕಂಡರು. ಅದು ನಳಿಕೆಯ ಮೃದುಕಾರಕವೇ ಆಗಿದ್ದಿತು. ಶೇಖರಿಸಿಟ್ಟ ರಕ್ತವನ್ನೂ ಪರೀಕ್ಷಿಸಲಾಗಿ, ತಂಪಿನಲ್ಲಿ ಇಟ್ಟಿದ್ದರೂ ಡಿ.ಇ.ಎಚ್.ಪಿ.ಯು ದಿನದಿನಕ್ಕೂ ಚೀಲದಿಂದ ರಕ್ತಕ್ಕೆ ಇಳಿಯುವುದು ಸಿದ್ಧವಾಯಿತು. ಗಾಜಿನ ಬಟ್ಟಲಿನಲ್ಲಿ ತಮ್ಮಷ್ಟಕ್ಕೆ ಮಿಡಿಯುವಂತೆ ಬೆಳೆಸಿದ್ದ ಕೋಳಿಭ್ರೂಣದ ಹೃದಯಕೋಶಗಳು ಈ ಪದಾರ್ಥ ಸೋಕಿದ ಮೇಲೆ ಮಿಡಿತವನ್ನು ನಿಲ್ಲಿಸಿ ಸತ್ತವೆಂಬುದೂ ಆ ಕಾಲದ ಪ್ರಯೋಗಗಳಿಂದ ತಿಳಿದುಬಂದಿತು.

ಇಷ್ಟಾದರೂ ರಕ್ತಚೀಲದಿಂದ ಅದನ್ನು ಹೊರದೂಡಲಾಗಲಿಲ್ಲ. ಏಕೆಂದರೆ ರಕ್ತಕ್ಕೆ ಇಳಿದ ಡಿ.ಇ.ಎಚ್.ಪಿ.ಯೇ ಕೆಂಪು ರಕ್ತಕಣಗಳ ಪೊರೆಯನ್ನು ಸೇರಿ, ಅವು ಬೇಗ ಒಡೆಯದಂತೆ ಕಾಪಾಡುತ್ತದೆ! ರಕ್ತಸ್ರಾವದಿಂದ ಸಾಯುತ್ತಿರುವವನಿಗೆ ಅಂತಹ ಚೀಲವೇ ಜೀವದಾನ ಮಾಡುವಾಗ, ಬದಲಿ ಸಿದ್ಧವಾಗುವವರೆಗೆ ಆ ಬಳಕೆಯನ್ನು ಆಕ್ಷೇಪಿಸುವುದು ನ್ಯಾಯವಲ್ಲವೆಂದೇ ನನ್ನ ಎಣಿಕೆ.

ಊಟದ ಬುತ್ತಿಗೆ ಈ ಸಮಾಧಾನ ಸಲ್ಲದು. ಜಪಾನಿನಲ್ಲಿ ಅಂಗಡಿಯ ಬುತ್ತಿಯೂಟದಲ್ಲಿಯೂ ಆಸ್ಪತ್ರೆಯ ಊಟದಲ್ಲಿಯೂ ಡಿ.ಇ.ಎಚ್.ಪಿ. ಕಂಡುಬಂದಾಗ, ಅದರ ಮೂಲವನ್ನು ಅರಸಿ ಹೋದವರು ಮುಟ್ಟಿದ್ದು ಅಡುಗೆಯವರ ಕೈಗೆ: ಶುಚಿಗಾಗಿ ಹಾಕಿಕೊಂಡ ಪಿ.ವಿ.ಸಿ. ಕೈಗವಸು, ಶುಚಿಗಾಗಿಯೇ ಅದರ ಮೇಲೆ ಚಿಮುಕಿಸಿದ ಆಲ್ಕೊಹಾಲು, ಇವೆರಡೂ ಕೂಡಿ ಮೃದುಕಾರಕವನ್ನು ಅನ್ನಕ್ಕೆ ಸಾಗಿಸುತ್ತಿದ್ದುವು. 2000ದಲ್ಲಿ ಅಲ್ಲಿನ ಸರ್ಕಾರವು ಅಂತಹ ಕೈಗವಸುಗಳನ್ನು ಅಡುಗೆಯ ಕೆಲಸದಿಂದ ದೂರವಿಟ್ಟಿತು. ಹಾಲು ಕರೆಯುವ ಯಂತ್ರದ ನಳಿಕೆಯಿಂದ ಹಾಲಿಗೆ, ಹಾಲಿನಿಂದ ಬೆಣ್ಣೆ ಗಿಣ್ಣುಗಳಿಗೆ ಅದು ಹೋಗುವ ದಾರಿಯೂ ಇಂತಹುದೇ.

ಬಂದಂತೆಯೇ ಹೋಗುವ ಸ್ವಭಾವವೂ ಈ ಪದಾರ್ಥಕ್ಕುಂಟು. ದೇಹವು ಅದನ್ನು ಒಂದೆರಡು ದಿನಗಳಲ್ಲಿ ಬಹುಮಟ್ಟಿಗೆ ಮೂತ್ರದಲ್ಲಿ ಕಳೆದುಬಿಡುತ್ತದೆ. ದಿನವೂ ಹೊಸದಾಗಿ ಸೇರುತ್ತಿರುವುದರಿಂದ ಮಾತ್ರ ಅದು ನಮ್ಮಲ್ಲಿ ನೆಲೆಸಿದಂತೆ ತೋರುತ್ತದೆ. ಕೊರಿಯಾದಲ್ಲಿ ಬೌದ್ಧ ದೇವಾಲಯದ ಅತಿಥಿಗಳಾಗಿ ಐದು ದಿನ ಅಲ್ಲಿಯ ಸಸ್ಯಾಹಾರವನ್ನುಂಡವರ ಮೂತ್ರದಲ್ಲಿ ಥ್ಯಾಲೇಟಿನ ಅವಶೇಷಗಳು ಇಳಿದಿದ್ದುವು. ಸಾನ್‌ಫ್ರಾನ್ಸಿಸ್ಕೊ ಪ್ರದೇಶದ ಐದು ಕುಟುಂಬಗಳು ಮೂರು ದಿನ ಪ್ಲಾಸ್ಟಿಕ್ ಸೋಕದ ತಾಜಾ ಅಡುಗೆಯನ್ನುಂಡಾಗ, ಡಿ.ಇ.ಎಚ್.ಪಿ.ಯ ಅವಶೇಷವು ಅರ್ಧಕ್ಕಿಂತಲೂ ಹೆಚ್ಚಾಗಿ ಇಳಿಯಿತೆಂದು 2011ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು.

ಕೋಳಿಭ್ರೂಣದ ಕೋಶಗಳಿರಲಿ, ಮನುಷ್ಯನ ಹೃದಯದ ಮಾತಿಗೆ ಬಂದರೆ, 2025ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು, 2018ನೆಯ ಒಂದೇ ವರ್ಷದಲ್ಲಿ ಪ್ರಪಂಚದಾದ್ಯಂತ 55ರಿಂದ 64 ವಯಸ್ಸಿನವರಲ್ಲಿ ಹೃದ್ರೋಗದಿಂದ ಸಂಭವಿಸಿದ ಮರಣಗಳ ಪೈಕಿ ಸುಮಾರು 3,56,000 ಮರಣಗಳು ಡಿ.ಇ.ಎಚ್.ಪಿ.ಗೆ ಸಂಬಂಧಿಸಿದವೆಂದೂ, ದೇಶಗಳಲ್ಲಿ ಭಾರತದ ಪಾಲೇ ಎಲ್ಲಕ್ಕಿಂತ ಹೆಚ್ಚೆಂದೂ ಅಂದಾಜು ಮಾಡಿದರು. ಇದು ಗಣಿತದ ಅಂದಾಜೇ ಹೊರತು ಒಬ್ಬೊಬ್ಬರ ಮರಣಕಾರಣದ ತೀರ್ಪಲ್ಲ. ಪ್ಯಾಕೆಟ್ಟಿನ ತಿಂಡಿಯನ್ನೇ ನೆಚ್ಚಿದವನು ಉಪ್ಪನ್ನೂ ಕೊಬ್ಬನ್ನೂ ಹೆಚ್ಚಾಗಿ ತಿನ್ನುವನಾದ್ದರಿಂದ ಯಾವುದರ ತಪ್ಪೆಷ್ಟೆಂದು ಬಿಡಿಸಿ ಹೇಳುವುದು ಸುಲಭವೂ ಅಲ್ಲ. ಆದರೂ ತಳ್ಳಿಹಾಕತಕ್ಕ ಮಾತು ಇದಲ್ಲ.

ನಮ್ಮಲ್ಲಿ ಬಾಳೆಯೆಲೆ, ಮುತ್ತುಗದೆಲೆ, ಹಿತ್ತಾಳೆ ಸ್ಟೀಲುಗಳ ಡಬ್ಬಿಗಳಿದ್ದ ಕಡೆಗೆ ಪ್ಲಾಸ್ಟಿಕ್ಕು ಬಂದು ಬಹುಕಾಲವೇನೂ ಆಗಿಲ್ಲ. ಇಡ್ಲಿಯ ತಟ್ಟೆಗೆ ಹತ್ತಿಯ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯನ್ನು ಹಾಸಿ ಹಬೆಯಲ್ಲಿ ಬೇಯಿಸುವ ಹೋಟೆಲುಗಳ ಮೇಲೆ 2025ರಲ್ಲಿ ಕರ್ನಾಟಕ ಸರ್ಕಾರವು ಕ್ರಮಕ್ಕೆ ಮುಂದಾಗಬೇಕಾಯಿತು. ಎಲ್ಲ ಪ್ಲಾಸ್ಟಿಕ್ಕಿನಲ್ಲಿಯೂ ಥ್ಯಾಲೇಟು ಇರುವುದೆಂದು ಹೆದರಬೇಕಾಗಿಲ್ಲ. ಪಾಲಿಥಿನ್ ಸ್ವಭಾವತಃ ಮೆದುವಾದ್ದರಿಂದ ಅದಕ್ಕೆ ಮೃದುಕಾರಕದ ಹಂಗಿಲ್ಲ. ಆದರೆ ಸಾಂಬಾರು ಕಟ್ಟಿಸಿಕೊಂಡು ಹೋಗುವ ಗಿರಾಕಿಗೆ ಕವರಿನ ಕುಲಗೋತ್ರ ತಿಳಿಯುವ ಬಗೆಯೆಂತು? ಆದಕಾರಣ ಓದುಗರಲ್ಲಿ ನನ್ನ ಬಿನ್ನಹವಿಷ್ಟೇ: ಬಿಸಿಯಾದ, ಎಣ್ಣೆ ತುಪ್ಪ ಬೆರೆತ ಪದಾರ್ಥವನ್ನು ಹೋಟೆಲಿನಿಂದ ತರಲು ಹೊರಟಾಗ ಮನೆಯ ಸ್ಟೀಲು ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿರಿ.